ಟೆಕ್ಸಾಸ್‌ಗೆ ಬರುವ ಮುಂಚೆ ಸ್ಕೂಲ್ ರೇಟಿಂಗ್ ಜೊತೆ ಇದನ್ನೂ ನೋಡಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ನ್ಯೂಜೆರ್ಸಿಯ ಒಬ್ಬ ತಂಗಿ ನಮ್ಮ ಈ ಗುಂಪಿನಲ್ಲಿ ಪ್ರಶ್ನೆ ಹಾಕಿದ್ದರು. ಗಂಡನಿಗೆ ಡಲ್ಲಾಸ್ ಕಡೆ ಕೆಲಸ ಸಿಕ್ಕಿದೆ, ಎರಡನೇ ಮಗುವಿನ ಯೋಚನೆಯೂ ಇದೆ, ಫ್ರಿಸ್ಕೋ ಒಳ್ಳೆಯದಾ ಪ್ಲೇನೋ ಒಳ್ಳೆಯದಾ ಅಂತ. ಬಾಡಿಗೆ, ಸ್ಕೂಲು, ದೇವಸ್ಥಾನ, ಮಕ್ಕಳ ಕನ್ನಡ ಕ್ಲಾಸು, ಎಲ್ಲದಕ್ಕೂ ಉತ್ತರ ಬಂತು. ಕೊನೆಯಲ್ಲಿ ಅವರು ಮೆಲ್ಲಗೆ ಕೇಳಿದ ಒಂದು ಮಾತಿಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. "ಬಸಿರಲ್ಲಿ ಏನಾದರೂ ತೊಂದರೆ ಆದರೆ ಅಲ್ಲಿ ಮಾತ್ರೆ ಸಿಗೋದೂ ಕಷ್ಟವಂತೆ, ಕೋರ್ಟಲ್ಲಿ ಕೇಸು ನಡೀತಿದೆಯಂತೆ, ನಿಜಾನಾ ಅಕ್ಕ?"

ನಾನು ಪ್ಲೇನೋ ಹತ್ತಿರ ಒಂಬತ್ತು ವರ್ಷದಿಂದ ಇದ್ದೇನೆ. ನಾನು ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

2023ರ ಯುಗಾದಿ ವಾರ. ನನಗೆ ಒಂಬತ್ತು ವಾರ ಆಗಿತ್ತು. ಸ್ಕ್ಯಾನಿಂಗ್ ಮಾಡುತ್ತಿದ್ದ ಹುಡುಗಿ ಮಾತಾಡುತ್ತಾ ಇದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಸ್ಕ್ರೀನನ್ನು ತನ್ನ ಕಡೆ ತಿರುಗಿಸಿಕೊಂಡಳು. ಎದೆಬಡಿತ ಇರಲಿಲ್ಲ. ಮಗು ಬೆಳೆಯುವುದು ನಿಂತು ಹತ್ತು ದಿನವಾದರೂ ಆಗಿರಬೇಕು ಎಂದರು ಡಾಕ್ಟರ್. ತಾನಾಗಿ ಹೋಗುವವರೆಗೆ ಕಾಯಬಹುದು, ಇಲ್ಲಾ ಮಾತ್ರೆ ತಗೊಳ್ಳಬಹುದು. ನಾನು ಮಾತ್ರೆ ಎಂದೆ. ಅವರು ಮಿಸೊಪ್ರೊಸ್ಟಾಲ್ ಬರೆದುಕೊಟ್ಟರು. "ಇದರ ಜೊತೆಗೆ ಇನ್ನೊಂದು ಮಾತ್ರೆ ಇದೆ, ಎರಡೂ ಸೇರಿದರೆ ಕೆಲಸ ಚೆನ್ನಾಗಿ ಆಗುತ್ತದೆ, ಆದರೆ ಅದನ್ನು ನಮ್ಮ ಕ್ಲಿನಿಕ್‌ನಲ್ಲಿ ಇಟ್ಟುಕೊಳ್ಳುತ್ತಿಲ್ಲ" ಎಂದರು. ಆ ಇನ್ನೊಂದರ ಹೆಸರು ಮಿಫೆಪ್ರಿಸ್ಟೋನ್.

ಶುಕ್ರವಾರ ಸಂಜೆ ಔಷಧಿ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವರು ಚೀಟಿ ನೋಡಿ ಒಳಗೆ ಹೋದರು. ಹೊರಗೆ ಬಂದು, ಯಾವ ಕಾಯಿಲೆಗೆ ಅಂತ ಡಾಕ್ಟರ್ ಬರೆದಿಲ್ಲ, ಅವರ ಹತ್ತಿರ ಮಾತಾಡದೆ ಕೊಡಲಾಗುವುದಿಲ್ಲ ಎಂದರು. ನನ್ನ ಹಿಂದೆ ಐದಾರು ಜನ ಸಾಲಲ್ಲಿ ನಿಂತಿದ್ದರು. ಅಷ್ಟು ಜನರ ಮುಂದೆ ನಾನು ಹೇಳಬೇಕಾಯಿತು, ಹೊಟ್ಟೆಯಲ್ಲಿರುವ ಮಗು ಸತ್ತಿದೆ ಅಂತ. ಆದರೂ ಕೊಡಲಿಲ್ಲ. ಕ್ಲಿನಿಕ್ ಐದಕ್ಕೇ ಮುಚ್ಚಿತ್ತು. ಶನಿವಾರ, ಭಾನುವಾರ ಹಾಗೇ ಕಳೆದವು. ಸೋಮವಾರ ಮಧ್ಯಾಹ್ನ ಕೈಗೆ ಬಂತು, ಆರು ಮೂಲೆಯ ಪುಟ್ಟ ಬಿಳಿ ಮಾತ್ರೆ, ನಾಲ್ಕು.

ಆ ಎರಡು ದಿನ ಸತ್ತ ಕೂಸನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಮಗಳಿಗೆ ದೋಸೆ ಹುಯ್ದು ಕೊಟ್ಟೆ. ಆಗ ಅವಳಿಗೆ ಒಂಬತ್ತು ವರ್ಷ. "ಅಮ್ಮನಿಗೆ ಹುಷಾರಿಲ್ಲ" ಎಂದಷ್ಟೇ ಹೇಳಿದ್ದೆವು. ಈ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ವಿಷಯ ಗೊತ್ತಿತ್ತು. ಅವರು ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ಸ್ಟೀಲ್ ಡಬ್ಬಿಯಲ್ಲಿ ಮೆಂತ್ಯದ ಗಂಜಿ ತಂದು ಬಾಗಿಲ ಹತ್ತಿರ ಇಟ್ಟು ಹೋದರು. ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ.

ಈಗ ಕಾನೂನಿನ ವಿಷಯ. ಟೆಕ್ಸಾಸ್ ಕಾನೂನಿನಲ್ಲೇ ಬರೆದಿದೆ, ಗರ್ಭದಲ್ಲಿ ತಾನಾಗಿ ಸತ್ತ ಮಗುವನ್ನು ತೆಗೆಯುವುದು ಗರ್ಭಪಾತ ಅಲ್ಲ. ನಳಿಕೆಯಲ್ಲಿ ನಿಂತ ಗರ್ಭಕ್ಕೆ ಚಿಕಿತ್ಸೆ ಮಾಡುವುದೂ ಅಲ್ಲ. ಅಂದರೆ ನನಗೆ ಮಾತ್ರೆ ಕೊಡಲು ಯಾವ ಅಡ್ಡಿಯೂ ಇರಲಿಲ್ಲ. ಅಡ್ಡಿ ಇದ್ದದ್ದು ಭಯದ್ದು. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್, ದೇಶಕ್ಕೆಲ್ಲ ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪನ್ನು ರದ್ದು ಮಾಡಿತು. ಆಗಸ್ಟ್ 25ರಿಂದ ಇಲ್ಲಿ ಗರ್ಭಪಾತಕ್ಕೆ ಹೆಚ್ಚುಕಡಿಮೆ ಪೂರ್ತಿ ನಿಷೇಧ ಬಂತು. ತಾಯಿಯ ಜೀವಕ್ಕೆ ಅಪಾಯ ಇದ್ದರೆ, ಇಲ್ಲಾ ದೇಹದ ಮುಖ್ಯ ಅಂಗದ ಕೆಲಸಕ್ಕೆ ಗಂಭೀರ ಹಾನಿ ಆಗುವ ಹಾಗಿದ್ದರೆ ಮಾತ್ರ ವಿನಾಯಿತಿ. ಮಾಡಿದ ಡಾಕ್ಟರ್‌ಗೆ ಜೀವಾವಧಿವರೆಗೂ ಶಿಕ್ಷೆ ಆಗಬಹುದು, ಮೇಲೆ ಕನಿಷ್ಠ 1 ಲಕ್ಷ ಡಾಲರ್ ದಂಡ. ಇಂಥ ಶಿಕ್ಷೆ ತಲೆ ಮೇಲೆ ತೂಗುತ್ತಿರುವಾಗ ಅಂಗಡಿಯವರೂ ಹಿಂದೆಮುಂದೆ ನೋಡುತ್ತಾರೆ. ಅವರ ಮೇಲೆ ನನಗೆ ಇವತ್ತು ಸಿಟ್ಟಿಲ್ಲ. ಆದರೆ ಆ ಎರಡು ದಿನ ಯಾರ ಲೆಕ್ಕಕ್ಕೂ ಬರಲಿಲ್ಲ ಅನ್ನುವುದು ಇನ್ನೂ ನೋಯಿಸುತ್ತದೆ.

ತಂಗಿ ಕೇಳಿದ ಕೋರ್ಟ್ ಕೇಸು ಮಿಫೆಪ್ರಿಸ್ಟೋನ್ ಮೇಲಿನದು. ಈ ಮಾತ್ರೆ ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನನ್ನು ತಡೆಯುತ್ತದೆ. ಒಂದೆರಡು ದಿನ ಬಿಟ್ಟು ತಗೊಳ್ಳುವ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಹಿಂಡುತ್ತದೆ. ಬೇಕೆಂದು ಮಾಡಿಸುವ ಗರ್ಭಪಾತಕ್ಕೂ, ತಾನಾಗಿ ಹೋದ ಗರ್ಭಕ್ಕೂ ಇದೇ ಜೋಡಿ. ಅಮೆರಿಕದ ಔಷಧಿ ಇಲಾಖೆ ಎಫ್‌ಡಿಎ 2000ದಲ್ಲೇ ಒಪ್ಪಿಗೆ ಕೊಟ್ಟಿತ್ತು. 2016ರಲ್ಲಿ ಏಳು ವಾರದ ಮಿತಿಯನ್ನು ಹತ್ತು ವಾರಕ್ಕೆ ಏರಿಸಿತು. ಕೋವಿಡ್ ಸಮಯದಲ್ಲಿ ಕ್ಲಿನಿಕ್‌ಗೆ ಹೋಗದೆ ಅಂಚೆಯಲ್ಲೂ ತರಿಸಿಕೊಳ್ಳಲು ಬಿಟ್ಟಿತು, ಆಮೇಲೆ ಅದನ್ನೇ ಕಾಯಂ ಮಾಡಿತು. 2023ರಲ್ಲಿ ಈ ದೇಶದ ಗರ್ಭಪಾತಗಳಲ್ಲಿ ಶೇ. 63ರಷ್ಟು ಮಾತ್ರೆಯಿಂದಲೇ ಆದವು. ಕ್ಲಿನಿಕ್‌ಗಳಿಗೆ ಬೀಗ ಬಿದ್ದ ಮೇಲೂ ಮಾತ್ರೆ ಅಂಚೆಯಲ್ಲಿ ಬರುತ್ತದೆ. ಜಗಳವೆಲ್ಲ ಈಗ ಮಾತ್ರೆಯ ಸುತ್ತ ಬಂದು ನಿಂತಿರುವುದು ಅದಕ್ಕೇ.

2022ರ ನವೆಂಬರ್‌ನಲ್ಲಿ ಗರ್ಭಪಾತ ವಿರೋಧಿಸುವ ಡಾಕ್ಟರ್‌ಗಳ ಸಂಘಗಳು ಸೇರಿ ಎಫ್‌ಡಿಎ ಮೇಲೆ ದಾವೆ ಹೂಡಿದವು. ಎಲ್ಲಿ? ನಮ್ಮದೇ ರಾಜ್ಯದ ಅಮರಿಲ್ಲೋದಲ್ಲಿ. ಅಲ್ಲಿ ಹಾಕಿದ ಕೇಸು ಹೆಚ್ಚುಕಡಿಮೆ ಒಬ್ಬರೇ ಜಡ್ಜ್ ಮುಂದೆ ಬರುತ್ತದೆ, ಮ್ಯಾಥ್ಯೂ ಕ್ಯಾಸ್ಮರಿಕ್. ಜಡ್ಜ್ ಯಾರು ಅಂತ ಮೊದಲೇ ಗೊತ್ತಿದ್ದು ಊರು ಆರಿಸುವುದು ನನಗಂತೂ ನ್ಯಾಯ ಅನ್ನಿಸುವುದಿಲ್ಲ. 2023ರ ಏಪ್ರಿಲ್ 7ರಂದು ಅವರು 23 ವರ್ಷ ಹಳೆಯ ಒಪ್ಪಿಗೆಯನ್ನೇ ತಡೆಹಿಡಿದರು. ಅದೇ ದಿನ ವಾಷಿಂಗ್ಟನ್ ರಾಜ್ಯದ ಇನ್ನೊಬ್ಬ ಫೆಡರಲ್ ಜಡ್ಜ್, ಕೇಸು ಹಾಕಿದ್ದ 17 ರಾಜ್ಯಗಳಲ್ಲಿ ಏನೂ ಬದಲಾಯಿಸಬಾರದು ಎಂದು ಎಫ್‌ಡಿಎಗೆ ಆದೇಶ ಕೊಟ್ಟರು. ಒಂದೇ ಮಾತ್ರೆ, ಒಂದೇ ದಿನ, ಎರಡು ಆದೇಶ. ನಾನು ಆಗ ತಾನೇ ಕೆಲಸಕ್ಕೆ ವಾಪಸ್ ಹೋಗಲು ಶುರು ಮಾಡಿದ್ದೆ. ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಆ ಸುದ್ದಿಯನ್ನು ಎರಡು ಸಲ ಓದಿದೆ. ನನ್ನ ಹಾಗೆ ಮಗು ಕಳಕೊಂಡವಳ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಎರಡು ವಾರದಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಜೂನ್ 13ರಂದು ಒಂಬತ್ತೂ ಜಡ್ಜ್‌ಗಳು ಒಮ್ಮತದಿಂದ ಕೇಸನ್ನು ತಳ್ಳಿಹಾಕಿದರು. ಅವತ್ತು ಈ ಗುಂಪಿನಲ್ಲೂ "ಮುಗೀತು, ಇನ್ನು ಚಿಂತೆ ಇಲ್ಲ" ಅಂತ ತುಂಬಾ ಜನ ಹಾಕಿದ್ದರು. ಆದರೆ ಮುಗಿದಿರಲಿಲ್ಲ. ಕೋರ್ಟ್ ಹೇಳಿದ್ದು ಇಷ್ಟೇ: ಈ ಡಾಕ್ಟರ್‌ಗಳು ಮಾತ್ರೆ ಬರೆಯುವವರೂ ಅಲ್ಲ, ನುಂಗುವವರೂ ಅಲ್ಲ, ಇದರಿಂದ ಅವರಿಗೆ ಆದ ನಷ್ಟವೂ ಇಲ್ಲ, ಹಾಗಾಗಿ ಕೇಸು ಹಾಕುವ ಹಕ್ಕೇ ಅವರಿಗಿಲ್ಲ. ಮಾತ್ರೆಯ ಬಗ್ಗೆ ಎಫ್‌ಡಿಎ ಮಾಡಿದ್ದು ಸರಿಯೋ ತಪ್ಪೋ ಅನ್ನುವುದನ್ನು ಕೋರ್ಟ್ ಮುಟ್ಟಲೇ ಇಲ್ಲ. ಗದ್ದೆ ಯಾರದು ಅಂತ ತೀರ್ಮಾನ ಮಾಡದೆ, ನಿನಗೇನು ಸಂಬಂಧ ಹೋಗು ಅಂತ ಕಳಿಸಿದ ಹಾಗೆ. ಸಂಬಂಧ ಇದೆ ಎನ್ನುವವರು ಮತ್ತೆ ಬರುತ್ತಾರೆ, ಬಂದರು ಕೂಡ. ಮಿಸೌರಿ, ಕ್ಯಾನ್ಸಸ್, ಐಡಹೊ ರಾಜ್ಯಗಳು ಅದೇ ಕೇಸನ್ನು ಮುಂದುವರಿಸಿದವು, 2025ರಲ್ಲಿ ಅದು ಮಿಸೌರಿಗೆ ವರ್ಗ ಆಯಿತು. ಅದೇ ವರ್ಷ ಲೂಸಿಯಾನ ತಾನೇ ಬೇರೆ ದಾವೆ ಹೂಡಿತು. ಅಮೆರಿಕದ ಕೇಂದ್ರ ಸರ್ಕಾರವೂ ಈ ಮಾತ್ರೆಯನ್ನು ಮತ್ತೆ ಪರಿಶೀಲಿಸುತ್ತೇವೆ ಎಂದಿತು. ಹಾಗಾಗಿ ಇಲ್ಲಿ ಓದಿದ್ದನ್ನೇ ಕೊನೆ ಅಂದುಕೊಳ್ಳಬೇಡಿ, ಬರುವ ಮುಂಚೆ ಇನ್ನೊಂದು ಸಲ ನೋಡಿಕೊಳ್ಳಿ.

ಲೂಸಿಯಾನದಲ್ಲಿ 2024ರ ಅಕ್ಟೋಬರ್‌ನಿಂದ ಈ ಎರಡೂ ಮಾತ್ರೆಗಳು ನಿಯಂತ್ರಿತ ಅಪಾಯಕಾರಿ ಔಷಧಿಗಳ ಪಟ್ಟಿಯಲ್ಲಿವೆ. ಹೆರಿಗೆ ಆದಮೇಲೆ ರಕ್ತ ನಿಲ್ಲದಿದ್ದರೆ ಕೊಡುವುದೂ ಇದೇ ಮಿಸೊಪ್ರೊಸ್ಟಾಲನ್ನೇ. ಆ ಹೊತ್ತಿನಲ್ಲಿ ಒಂದೊಂದು ನಿಮಿಷವೂ ಮುಖ್ಯ, ಅಲ್ವಾ? ಅದನ್ನು ಬೀಗ ಹಾಕಿದ ಕಪಾಟಿಗೆ ಸೇರಿಸಿದರೆ ಬಾಣಂತಿಗೆ ಏನಾಗುತ್ತದೆ ಅಂತ ನಿಯಮ ಮಾಡಿದವರು ಯೋಚನೆ ಮಾಡಬೇಕಿತ್ತು.

ಇನ್ನು ರಾಜ್ಯ ರಾಜ್ಯಗಳ ಜಗಳ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಬೇರೆ ರಾಜ್ಯಕ್ಕೆ ಮಾತ್ರೆ ಕಳಿಸುವ ತಮ್ಮ ಡಾಕ್ಟರ್‌ಗಳಿಗೆ ರಕ್ಷಣೆ ಕೊಡುವ ಕಾನೂನು ಮಾಡಿವೆ. ನ್ಯೂಯಾರ್ಕಿನ ಒಬ್ಬ ಡಾಕ್ಟರ್‌ಗೆ ಟೆಕ್ಸಾಸ್ ಜಡ್ಜ್ 2025ರಲ್ಲಿ 1 ಲಕ್ಷ ಡಾಲರ್‌ಗಿಂತ ಜಾಸ್ತಿ ದಂಡ ಹಾಕಿದರು. ಆ ತೀರ್ಪನ್ನು ದಾಖಲು ಮಾಡಿಕೊಳ್ಳಲು ನ್ಯೂಯಾರ್ಕಿನ ಕೌಂಟಿ ಕ್ಲರ್ಕ್ ಒಪ್ಪಲಿಲ್ಲ. ಟೆಕ್ಸಾಸ್ ಇನ್ನೂ ಮುಂದೆ ಹೋಗಿ, 2025ರ ಡಿಸೆಂಬರ್‌ನಿಂದ ಮಾತ್ರೆ ತಯಾರಿಸುವವರು, ಕಳಿಸುವವರು, ತಂದುಕೊಡುವವರ ಮೇಲೆ ಯಾರು ಬೇಕಾದರೂ ಸಿವಿಲ್ ದಾವೆ ಹಾಕಬಹುದು ಅಂತ ಮಾಡಿದೆ. ಮಾತ್ರೆ ತಗೊಂಡ ಹೆಂಗಸಿನ ಮೇಲೆ ಈ ಕಾನೂನುಗಳಲ್ಲಿ ಕೇಸು ಹಾಕುವ ಹಾಗಿಲ್ಲ. ಇದನ್ನು ನೆನಪಿಡಿ. ಭಯಪಟ್ಟು ಡಾಕ್ಟರ್ ಹತ್ತಿರ ಹೋಗದೆ ಕೂತವರನ್ನು ನಾನು ನೋಡಿದ್ದೇನೆ. ರಕ್ತ ಹೋಗುತ್ತಿದ್ದರೆ, ಜ್ವರ ಬಂದರೆ, ಒಂದು ಕ್ಷಣವೂ ಕಾಯಬೇಡಿ.

ಮೇಲೆ ಒಬ್ಬರು "ಊರಿಂದ ಬರುವಾಗ ಮಾತ್ರೆ ತಂದಿಟ್ಟುಕೊಂಡರೆ ಆಯಿತಲ್ಲ" ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ತಂದುಕೊಟ್ಟವರು ಸಿಕ್ಕಿಬೀಳುತ್ತಾರೆ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ರಕ್ತ ಹೋದರೆ ಎಲ್ಲಾ ಸರಿಹೋಯಿತು ಅಂದುಕೊಂಡು ಕೂತಿರುತ್ತೀರಿ, ಒಳಗೆ ನಳಿಕೆ ಒಡೆದು ಜೀವಕ್ಕೇ ಬರಬಹುದು. ಊರಲ್ಲೂ ಡಾಕ್ಟರ್ ಚೀಟಿ ಇಲ್ಲದೆ ಇದನ್ನು ಮಾರುವ ಹಾಗಿಲ್ಲ.

ಇನ್ನೊಬ್ಬ ಹಿರಿಯರು "ಇದು ನಮ್ಮ ಸಂಸ್ಕೃತಿಯ ವಿಷಯವಲ್ಲ, ಗುಂಪಿನಲ್ಲಿ ಬೇಡ" ಎಂದರು. ಅಂಕಲ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಮ್ಮ ದೇಶದಲ್ಲಿ 1971ರಿಂದ ಇದಕ್ಕೆ ಕಾನೂನು ಇದೆ. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮದುವೆ ಆಗದ ಹೆಣ್ಣುಮಕ್ಕಳಿಗೂ 24 ವಾರದವರೆಗಿನ ಹಕ್ಕು ಇದೆ ಎಂದಿತು. ನೀವು ಹೆಣ್ಣುಭ್ರೂಣ ಹತ್ಯೆ ನೆನಪಿಸಿದ್ದು ಸರಿಯೇ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ದಂಧೆ ಮಾಡುತ್ತಿದ್ದವರು ಸಿಕ್ಕಿಬಿದ್ದಾಗ ನನಗೂ ಹೊಟ್ಟೆ ಉರಿದಿತ್ತು. ಆದರೆ ಅಲ್ಲಿ ಬೇರೆಯವರು ಹೆಣ್ಣಿನ ಮೇಲೆ ತೀರ್ಮಾನ ಹೇರುತ್ತಿದ್ದರು. ಇಲ್ಲೂ ಬೇರೆಯವರೇ ಹೇರುತ್ತಿದ್ದಾರೆ. ನನಗೆ ಎರಡೂ ಒಂದೇ ನೋವು.

ನಮ್ಮ ವಿಷಯವಲ್ಲ ಅಂದಾಗ ನನಗೆ ಸವಿತಾ ಹಾಲಪ್ಪನವರ್ ನೆನಪಾಗುತ್ತಾರೆ. ನಮ್ಮ ಬೆಳಗಾವಿಯಲ್ಲಿ ಬೆಳೆದ ಹುಡುಗಿ, ಹಲ್ಲಿನ ಡಾಕ್ಟರ್. ಐರ್ಲೆಂಡಿನ ಗಾಲ್ವೆಯಲ್ಲಿ ಸಂಸಾರ ಹೂಡಿದ್ದರು, ದೀಪಾವಳಿಗೆ ಅಲ್ಲಿನ ಮಕ್ಕಳಿಗೆ ಡಾನ್ಸ್ ಕಲಿಸುತ್ತಿದ್ದರು. 2012ರ ಅಕ್ಟೋಬರ್‌ನಲ್ಲಿ 17 ವಾರದ ಬಸಿರು ಕೆಟ್ಟಿತು. ಉಳಿಯುವುದಿಲ್ಲ ಅಂತ ಗೊತ್ತಿದ್ದರೂ, ಭ್ರೂಣದ ಎದೆಬಡಿತ ಇದೆ ಅಂತ ತೆಗೆಯಲಿಲ್ಲ. ಇದು ಕ್ಯಾಥೊಲಿಕ್ ದೇಶ ಎಂದು ಹೇಳಿದ್ದನ್ನು ದಾದಿಯೇ ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನಂಜೇರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. 31 ವರ್ಷ. ಆ ವರ್ಷ ಗಾಲ್ವೆಯ ಭಾರತೀಯರು ದೀಪಾವಳಿ ಕಾರ್ಯಕ್ರಮ ಮಾಡಲಿಲ್ಲ. ಸುದ್ದಿ ಬಂದಾಗ ನಾನು ಬೆಳಗಾವಿಯಲ್ಲೇ ಇದ್ದೆ. ನನಗೂ ನಾಲ್ಕು ತಿಂಗಳು. ಅವ್ವ ಟಿವಿ ಆರಿಸಿಬಿಟ್ಟಳು, ಬಸುರಿ ನೋಡಬಾರದು ಅಂತ. 2018ರ ಮೇ ತಿಂಗಳಲ್ಲಿ ಐರ್ಲೆಂಡಿನ ಜನ ಶೇ. 66ರಷ್ಟು ಮತ ಹಾಕಿ ಆ ನಿಷೇಧವನ್ನು ಸಂವಿಧಾನದಿಂದಲೇ ತೆಗೆದರು. ಡಬ್ಲಿನ್ ಗೋಡೆಯ ಮೇಲೆ ನಮ್ಮೂರ ಹುಡುಗಿಯ ದೊಡ್ಡ ಚಿತ್ರ ಇತ್ತು, ಅದರ ಸುತ್ತ ಜನ ಚೀಟಿ ಅಂಟಿಸಿ ಹೋಗಿದ್ದರು.

ತಂಗಿ, ಬರಬೇಡಿ ಅಂತ ನಾನು ಹೇಳುವುದಿಲ್ಲ. ನಾವು ಇಲ್ಲೇ ಇದ್ದೇವೆ. ಆದರೆ ಬಂದ ತಕ್ಷಣ, ಬಸಿರಾಗುವ ಮುಂಚೆಯೇ, ಹೆಂಗಸರ ಡಾಕ್ಟರ್ ಹತ್ತಿರ ಹೋಗಿ ನೇರವಾಗಿ ಕೇಳಿ: ಗರ್ಭ ಹೋದರೆ ನೀವು ಏನು ಮಾಡುತ್ತೀರಿ, ಎರಡೂ ಮಾತ್ರೆ ಇಡುತ್ತೀರಾ, ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಶನಿವಾರ ರಾತ್ರಿ ಫೋನ್ ಎತ್ತುವವರು ಯಾರು? ಚೀಟಿಯ ಮೇಲೆ ಕಾರಣ ಬರೆಸಿಕೊಳ್ಳಿ. ಸ್ಕ್ಯಾನ್ ರಿಪೋರ್ಟ್ ಫೋನಿನಲ್ಲಿ ಇಟ್ಟುಕೊಳ್ಳಿ. ಕ್ಯಾನ್ಸಸ್‌ನ ವಿಚಿಟಾ ಇಲ್ಲಿಂದ ಆರು ಗಂಟೆ ದಾರಿ, ಅಲ್ಲಿ ಕಾನೂನು ಬೇರೆ. ಅದೂ ಗೊತ್ತಿರಲಿ. ಯಜಮಾನರನ್ನೂ ಜೊತೆಗೆ ಕೂರಿಸಿಕೊಂಡು ಮಾತಾಡಿ.

ನನ್ನ ಮಗಳು ಈಗ ಮಿಡ್ಲ್ ಸ್ಕೂಲಲ್ಲಿದ್ದಾಳೆ. ಹೋದ ತಿಂಗಳು ಪಾತ್ರೆ ಒರೆಸುತ್ತಾ ಆ ಸ್ಟೀಲ್ ಡಬ್ಬಿ ಎತ್ತಿಕೊಂಡು, "ಇದು ನಮ್ಮದಲ್ಲ, ಯಾರದಮ್ಮ?" ಎಂದಳು. ಅಡಿಗೆಮನೆಯಲ್ಲೇ ನೆಲದ ಮೇಲೆ ಕೂತು ಎಲ್ಲಾ ಹೇಳಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅವಳು ಅತ್ತಳು, ನಾನೂ ಅತ್ತೆ. ಆಮೇಲೆ ಕೇಳಿದಳು, "ಆ ಅಂಗಡಿಯಲ್ಲಿ ನಿನ್ನ ಜೊತೆ ನಾನೂ ಬರಬಹುದಿತ್ತಲ್ಲ?"

ತಂಗಿ, ನನ್ನ ಡಾಕ್ಟರ್ ವಿವರ ಮೆಸೇಜಲ್ಲಿ ಕಳಿಸಿದ್ದೇನೆ. ಮನೆ ಎಲ್ಲಿ ಮಾಡಿದಿರಿ ಅಂತ ತಿಳಿಸಿ. ಮೆಂತ್ಯ, ಬೆಲ್ಲ, ಎಲ್ಲಾ ಮನೆಯಲ್ಲೇ ಇದೆ.