‘ಸೇವಾ ಕಲಿಕೆ’: ಸೇವೆಯನ್ನು ಕಲಿಯುವುದೆ, ಸೇವೆಯಿಂದ ಕಲಿಯುವುದೆ?

ಬಲ್ಲವರಿಗೆ ನಮಸ್ಕಾರ. ಘಾನಾದ ಅಶೇಸಿ ವಿಶ್ವವಿದ್ಯಾಲಯದ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ; ಅದರಲ್ಲಿನ ಕೆಲವು ಪದಗಳಿಗೆ, ಮುಖ್ಯವಾಗಿ ‘ಸರ್ವಿಸ್ ಲರ್ನಿಂಗ್’ಗೆ, ಹೊಂದುವ ಕನ್ನಡ ಪದ ಹುಡುಕುತ್ತಿದ್ದೇನೆ. ಮೈಕ್ರೋಸಾಫ್ಟಿನ ಕೆಲಸ ಬಿಟ್ಟು ತಾಯ್ನಾಡಿಗೆ ಮರಳಿದ ಪ್ಯಾಟ್ರಿಕ್ ಅವುವಾ 2002ರಲ್ಲಿ ಅಕ್ರಾದ ಬಾಡಿಗೆ ಕಟ್ಟಡದಲ್ಲಿ ಆರಂಭಿಸಿದ ಈ ಸಂಸ್ಥೆ, 2011ರಿಂದ ಬೆರೆಕುಸೊ ಎಂಬಲ್ಲಿನ ಗುಡ್ಡದ ಮೇಲೆ ಸ್ವಂತ ಆವರಣದಲ್ಲಿದೆ. ಅಕಾನ್ ನುಡಿಯಲ್ಲಿ ‘ಅಶೇಸಿ’ ಎಂದರೆ ಆರಂಭ. ಈ ಒಂದು ಪದ ಮಾತ್ರ ನನಗೆ ತೊಡಕು ಕೊಡಲಿಲ್ಲ.

ಅಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿದವರೂ ವ್ಯವಹಾರ ಆಡಳಿತಕ್ಕೆ ಸೇರಿದವರೂ ಬರವಣಿಗೆ, ಗಣಿತ, ಆಫ್ರಿಕಾ ಅಧ್ಯಯನ, ನಾಯಕತ್ವ ಸೆಮಿನಾರುಗಳನ್ನು ಒಟ್ಟಿಗೇ ಓದಬೇಕು. ಇದೇ ಅವರ ‘ಕೋರ್ ಕರಿಕ್ಯುಲಮ್’. ಹೀಗೆ ಹಲವು ವಿಷಯಗಳನ್ನು ಬೆರೆಸುವ ‘ಇಂಟರ್‌ಡಿಸಿಪ್ಲಿನರಿ’ ಓದಿಗೆ ‘ಅಂತರಶಿಸ್ತೀಯ’ ಎಂಬುದು ಈಗಾಗಲೇ ರೂಢಿಗೆ ಬಂದಿರುವುದರಿಂದ ಅದರ ತಂಟೆಗೆ ಹೋಗುವುದಿಲ್ಲ. ಆದರೆ ‘ಕೋರ್’ಗೆ ‘ತಿರುಳು’ ಎಂದರೆ ಪಾಠದ ಸಾರಾಂಶವೆಂದು ತೋರುತ್ತದೆ, ‘ಮೂಲ’ ಎಂದರೆ ಹಿಂದೆ ಇದ್ದು ಈಗ ಬದಲಾದದ್ದೆಂದು ತೋರುತ್ತದೆ, ‘ಬುನಾದಿ’ ಪ್ರಾಥಮಿಕ ಶಾಲೆಯನ್ನು ನೆನಪಿಸುತ್ತದೆ. ಸದ್ಯಕ್ಕೆ ‘ಸಮಾನ ತಳಹದಿ ಪಠ್ಯಕ್ರಮ’ ಎಂದು ಬರೆದಿದ್ದೇನೆ, ತುಸು ಉದ್ದವಾಯಿತು.

ನಿಜವಾದ ಗಂಟು ‘ಸರ್ವಿಸ್ ಲರ್ನಿಂಗ್’ನಲ್ಲಿದೆ. ವಿದ್ಯಾರ್ಥಿಗಳು ಸುತ್ತಲಿನ ಜನರೊಂದಿಗೆ ಕೆಲಸ ಮಾಡಿ, ಆ ಅನುಭವವನ್ನು ತರಗತಿಗೆ ತಂದು ಚರ್ಚಿಸಿ, ಅದನ್ನೇ ಪಾಠವಾಗಿಸಿಕೊಳ್ಳುವುದು ಇದರ ಅರ್ಥ. ‘ಸೇವಾ ಕಲಿಕೆ’ ಎಂದು ಬರೆದಿದ್ದ ಕರಡನ್ನು ಓದಿದ ನಮ್ಮಕ್ಕ, “ಸೇವೆ ಮಾಡೋದನ್ನೂ ಕಾಲೇಜಲ್ಲೇ ಕಲಿಸ್ಬೇಕೇನೋ?” ಎಂದು ನಕ್ಕರು. ಅವರ ತಪ್ಪೇನಿಲ್ಲ. ‘ಭಾಷಾ ಕಲಿಕೆ’, ‘ಈಜು ಕಲಿಕೆ’ಗಳಲ್ಲಿ ಮೊದಲ ಪದವೇ ಕಲಿಯುವ ವಿಷಯ, ‘ಗುಂಪು ಕಲಿಕೆ’ಯಲ್ಲಿ ಅದು ಕಲಿಯುವ ರೀತಿ. ‘ಸೇವೆ’ಯನ್ನು ಓದುಗರು ಯಾವ ಸಾಲಿಗೆ ಸೇರಿಸುತ್ತಾರೆಂದು ಮೊದಲೇ ಹೇಳಲಾಗದು. ಅದರ ಮೇಲೆ, ನಮ್ಮಲ್ಲಿ ‘ಸೇವೆ’ ಎಂದೊಡನೆ ದೇವಸ್ಥಾನದ ಚೀಟಿಯೋ ಎನ್‌ಎಸ್‌ಎಸ್ ಶಿಬಿರದ ಶ್ರಮದಾನವೋ ಕಣ್ಣಮುಂದೆ ಬರುತ್ತದೆ; ಎರಡರಲ್ಲೂ ಕೊಡುವವನು ಏನನ್ನಾದರೂ ಕಲಿಯಬೇಕೆಂಬುದು ಸಾಮಾನ್ಯ ಓದುಗರಿಗೆ ಥಟ್ಟನೆ ಹೊಳೆಯುವುದಿಲ್ಲ. ಇಂಗ್ಲಿಷಿನಲ್ಲಿ ಕೆಲವರು ಎರಡು ಪದಗಳ ನಡುವೆ ಅಡ್ಡಗೆರೆ ಎಳೆದು ಸಮತೂಕ ತೋರಿಸುತ್ತಾರೆ, ಆದರೆ ಕನ್ನಡದ ಕಣ್ಣಿಗೆ ಆ ಗೆರೆ ಏನನ್ನೂ ಹೇಳುವುದಿಲ್ಲ.

ಸಮಾಜಕಾರ್ಯ ವಿಭಾಗಗಳ ‘ಕ್ಷೇತ್ರಕಾರ್ಯ’ವನ್ನೂ ತೂಗಿ ನೋಡಿದೆ. ಘಾನಾದ್ದೇ ಆದ, 1992ರಲ್ಲಿ ಸ್ಥಾಪನೆಯಾದ ತಮಾಲೆಯ ಅಭಿವೃದ್ಧಿ ಅಧ್ಯಯನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ವಾರಗಟ್ಟಲೆ ಉಳಿದು ನಡೆಸುವ ಅಧ್ಯಯನಕ್ಕೆ ಆ ಪದ ಚೆನ್ನಾಗಿ ಹೊಂದುತ್ತದೆ, ಆದರೆ ಇಲ್ಲಿ ಅದು ಸೇವೆಯನ್ನೇ ಬಿಟ್ಟುಬಿಡುತ್ತದೆ.

‘ಸೇವೆಯಿಂದ ಕಲಿಕೆ’ ಅರ್ಥಕ್ಕೆ ಸರಿ, ಆದರೆ ‘ಸೇವೆಯಿಂದ ಕಲಿಕೆಯ ತರಗತಿ’ ಎನ್ನುವಾಗ ನಾಲಿಗೆ ಎಡವುತ್ತದೆ. ‘ನಲಿಕಲಿ’ಯ ಜಾಡಿನಲ್ಲಿ ಎರಡು ಕ್ರಿಯೆಗಳನ್ನು ಜೋಡಿಸಿ ‘ನೆರವಾಗಿ ಕಲಿ’ ಎನ್ನಬಹುದೆ? ಅಂಕಪಟ್ಟಿಯಲ್ಲಿ ಅದು ವಿಷಯದ ಹೆಸರಾಗಿ ನಿಲ್ಲಬಹುದೆ? ಪಠ್ಯಕ್ರಮ ಸಮಿತಿಗಳಲ್ಲಿ ಕೆಲಸ ಮಾಡಿದವರು ತಾವು ಬಳಸಿರುವ ಪದವನ್ನು, ಬಳಸಿದ ವಾಕ್ಯದ ಸಮೇತ, ತಿಳಿಸಬೇಕಾಗಿ ಕೋರುತ್ತೇನೆ.