ಮೂರು ದೇಶಗಳಲ್ಲಿ ಚದುರಿ ಹೋದ ನನ್ನ ಡೇಟಾ: ಎಲ್ಲಿಂದ ಶುರು ಮಾಡಲಿ?

ಹೊಳೆದಂಡೆ:
ನಮಸ್ಕಾರ ಎಲ್ಲರಿಗೂ. ಒಂಬತ್ತು ವರ್ಷಗಳಲ್ಲಿ ಜರ್ಮನಿ, ಆಮೇಲೆ ಕ್ಯಾಲಿಫೋರ್ನಿಯಾ, ಈಗ ಭಾರತ ಅಂತ ಮೂರು ಕಡೆ ಇದ್ದೇನೆ. ಇಮೇಲ್ ಮಾತ್ರ ಒಂದೇ. ಹೋದ ವಾರ ಜರ್ಮನಿಯ ಒಂದು ಜಿಮ್‌ನಿಂದ ಹುಟ್ಟುಹಬ್ಬದ ಶುಭಾಶಯ ಬಂತು. ಆ ಜಿಮ್ ಬಿಟ್ಟು ಐದು ವರ್ಷವಾಗಿದೆ! ಇನ್ನೂ ಯಾರ ಯಾರ ಹತ್ತಿರ ನನ್ನ ವಿವರ ಇದೆಯೋ ಅಂತ ತಲೆಯಲ್ಲಿ ಕೊರೆಯತೊಡಗಿತು. ಅದೇ ರಾತ್ರಿ ನನ್ನ ಮುಖ್ಯ ಖಾತೆಯ ಡೇಟಾ ಪೂರ್ತಿ ಡೌನ್‌ಲೋಡ್ ಮಾಡಿ ನೋಡಿದೆ. ಹಳೇ ಹುಡುಕಾಟಗಳ ಪಟ್ಟಿಯಲ್ಲಿ ಒಂದು ಕಾಯಿಲೆಯ ಹೆಸರು ಸಿಕ್ಕಿತು, ಪಕ್ಕದಲ್ಲಿ ಸಮಯವೂ ಇತ್ತು, ರಾತ್ರಿ 2:47. ಆವತ್ತು ಎಷ್ಟು ಹೆದರಿದ್ದೆ ಅಂತ ಮನೆಯವರಿಗೂ ನಾನು ಹೇಳಿರಲಿಲ್ಲ. ಓದುತ್ತಾ ಕೈ ನಡುಗಿತು.

ಈಗ ನನ್ನ ಪ್ರಶ್ನೆ. ನಾನು ಯೂರೋಪಿನ ಪ್ರಜೆ ಅಲ್ಲ, ಈಗ ಅಲ್ಲಿ ವಾಸವೂ ಇಲ್ಲ. ಅಲ್ಲಿನ ಕಂಪನಿಗಳನ್ನು ಕೇಳುವ ಹಕ್ಕು ನನಗೆ ಇದೆಯಾ? ಅಥವಾ ಸುಮ್ನೆ ಎಲ್ಲ ಕಡೆ ಖಾತೆ ಡಿಲೀಟ್ ಮಾಡಿಬಿಡಲಾ?

ಕಡತಪ್ರಿಯ:
ದಯವಿಟ್ಟು ಡಿಲೀಟ್ ಈಗಲೇ ಮಾಡಬೇಡಿ! ಮೊದಲು ನಿಮ್ಮ ಡೇಟಾದ ಪ್ರತಿ ಕೇಳಿ, ಓದಿ, ಆಮೇಲೆ ಅಳಿಸಲು ಹೇಳಿ. ಒಮ್ಮೆ ಅಳಿಸಿದರೆ ಅವರ ಹತ್ತಿರ ಏನಿತ್ತು, ಅದನ್ನು ಯಾರಿಗೆ ಕೊಟ್ಟಿದ್ದರು ಅಂತ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಹಕ್ಕು ಖಂಡಿತ ಇದೆ. 2018ರ ಮೇ 25ರಿಂದ ಜಾರಿಯಲ್ಲಿರುವ ಯೂರೋಪಿನ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್ ಪಾಸ್‌ಪೋರ್ಟ್ ನೋಡುವುದಿಲ್ಲ. ಆ ಜಿಮ್ ಜರ್ಮನಿಯಲ್ಲೇ ಇರುವ ಸಂಸ್ಥೆ, ಹಾಗಾಗಿ ನೀವು ಈಗ ಎಲ್ಲಿದ್ದರೂ ಅದು ಆ ಕಾನೂನಿಗೆ ಬದ್ಧ. 15ನೇ ವಿಧಿಯ ಹೆಸರು ಹೇಳಿ ಒಂದು ಮೇಲ್ ಹಾಕಿ. ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ, ಎಲ್ಲಿಂದ ಬಂತು, ಯಾರಿಗೆ ಕೊಟ್ಟಿದ್ದೀರಿ, ಎಷ್ಟು ದಿನ ಇಡುತ್ತೀರಿ, ಇಷ್ಟು ಕೇಳಿದರೆ ಸಾಕು. ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಕೆಲಸ ಜಟಿಲವಾದರೆ ಇನ್ನೂ ಎರಡು ತಿಂಗಳು ತೆಗೆದುಕೊಳ್ಳಬಹುದು, ಆದರೆ ಹಾಗಂತ ಮೊದಲ ತಿಂಗಳಲ್ಲೇ ತಿಳಿಸಬೇಕು. ಸಾಮಾನ್ಯವಾಗಿ ದುಡ್ಡು ಕೇಳುವಂತಿಲ್ಲ. ಬಿಲ್ಲಿನಂಥ ದಾಖಲೆಯನ್ನು ತೆರಿಗೆ ಕಾನೂನಿನ ಕಾರಣಕ್ಕೆ ಉಳಿಸಿಕೊಳ್ಳಬಹುದು, ಹುಟ್ಟುಹಬ್ಬಕ್ಕೆ ಮೇಲ್ ಕಳಿಸಲು ಆ ನೆಪ ನಡೆಯುವುದಿಲ್ಲ.

ಮ್ಯಾಕ್ಸ್ ಶ್ರೆಮ್ಸ್ ಅಂತ ಒಬ್ಬ ಆಸ್ಟ್ರಿಯಾದವರು 2011ರಲ್ಲಿ, ಇನ್ನೂ ಕಾನೂನು ವಿದ್ಯಾರ್ಥಿಯಾಗಿದ್ದಾಗ, ಫೇಸ್‌ಬುಕ್‌ನಿಂದ ತಮ್ಮ ಡೇಟಾ ಕೇಳಿದರು. ಬಂದದ್ದು 1,200ಕ್ಕೂ ಹೆಚ್ಚು ಪುಟ. ಅವರು ಡಿಲೀಟ್ ಮಾಡಿದ್ದೆ ಅಂದುಕೊಂಡಿದ್ದವೂ ಅದರಲ್ಲಿದ್ದವು! ಕೊನೆಗೆ ಅವರ ದೂರುಗಳಿಂದಲೇ ಯೂರೋಪ್ ಮತ್ತು ಅಮೆರಿಕದ ನಡುವಿನ ಡೇಟಾ ಒಪ್ಪಂದ ಎರಡು ಸಲ ಬಿದ್ದುಹೋಯಿತು, 2015ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ. ಒಂದು ಮೇಲ್‌ನಿಂದ ಏನಾಗುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ನೆನಪಾಗುವುದು ಇದೇ.

ಸಂಜೆಬಿಸಿಲು:
ಕ್ಯಾಲಿಫೋರ್ನಿಯಾ ಕಥೆ ಸ್ವಲ್ಪ ಬೇರೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಸಮಗ್ರ ಕಾನೂನು ಇಲ್ಲ, ರಾಜ್ಯಕ್ಕೊಂದು ರೀತಿ. ಕ್ಯಾಲಿಫೋರ್ನಿಯಾದ ಗ್ರಾಹಕರ ಖಾಸಗಿತನದ ಕಾಯ್ದೆ, ಸಿಸಿಪಿಎ, 2020ರಿಂದ ಜಾರಿಯಲ್ಲಿದೆ, ಕಂಪನಿ 45 ದಿನದಲ್ಲಿ ಉತ್ತರಿಸಬೇಕು. ಆದರೆ ಆ ಹಕ್ಕು ಅಲ್ಲಿನ ನಿವಾಸಿಗಳಿಗೆ ಮಾತ್ರ. ನೀವು ಈಗ ಅಲ್ಲಿ ಇಲ್ಲ, ಹಾಗಾಗಿ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಇದು ನನಗೆ ಅನ್ಯಾಯ ಅನ್ನಿಸುತ್ತದೆ, ಡೇಟಾ ಏನು ನಮ್ಮ ಜೊತೆ ಮನೆ ಖಾಲಿ ಮಾಡಿಕೊಂಡು ಬರುತ್ತದಾ? ಆದರೂ ಕೇಳಿ ನೋಡಿ. ಎಲ್ಲ ಗ್ರಾಹಕರಿಗೂ ಒಂದೇ ಫಾರ್ಮ್ ಇಟ್ಟಿರುವ ಕಂಪನಿಗಳೂ ಇವೆ.

ಇನ್ನೊಂದು ವಿಷಯ, ಗುರುತಿಗೆ ಅಂತ ಪಾಸ್‌ಪೋರ್ಟಿನ ಪೂರ್ತಿ ಪ್ರತಿ ಕಳಿಸಬೇಡಿ. ಖಾತೆ ತೆರೆದಿದ್ದ ಅದೇ ಇಮೇಲ್‌ನಿಂದ ಕೇಳಿದರೆ ಎಷ್ಟೋ ಸಲ ಅದೇ ಸಾಕಾಗುತ್ತದೆ. ಇಲ್ಲದಿದ್ದರೆ ಹೆಸರು ಬಿಟ್ಟು ಬೇಡದ್ದನ್ನೆಲ್ಲ ಮರೆಮಾಡಿ ಕಳಿಸಿ.

ನಿಮ್ಮ ಹೆಸರನ್ನು ಬೇರೆ ದೇಶದಲ್ಲಿರುವ ಗೆಳೆಯರ ಕೈಲೂ ಹುಡುಕಿಸಿ. ಯೂರೋಪಿನ ಕೋರ್ಟ್ 2014ರಲ್ಲಿ ಹೆಸರಿನ ಹುಡುಕಾಟದಿಂದ ಹಳೇ ಕೊಂಡಿ ತೆಗೆಸುವ ಹಕ್ಕು ಕೊಟ್ಟಿತು, ಆದರೆ ಗೂಗಲ್ ಅದನ್ನು ಜಗತ್ತಿನಾದ್ಯಂತ ತೆಗೆಯಬೇಕಾಗಿಲ್ಲ ಅಂತ 2019ರಲ್ಲಿ ಅದೇ ಕೋರ್ಟ್ ಹೇಳಿತು. ಅಲ್ಲಿ ಕಾಣದ್ದು ಇಲ್ಲಿ ಕಾಣಬಹುದು.

ನೀಲಿಶಾಯಿ:
ಕಾನೂನಿನ ಮಾತು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಹೇಳುವುದು ಆ ಫೈಲ್ ಓದುವ ಬಗ್ಗೆ. ನೀವು ಬರೆದದ್ದು, ಹುಡುಕಿದ್ದು ನಿಮಗೆ ಗೊತ್ತಿರುವುದೇ. ಅವರು ನಿಮ್ಮ ಬಗ್ಗೆ ಊಹಿಸಿದ್ದನ್ನು ನೋಡಿ. ಜಾಹೀರಾತಿನ ಆಸಕ್ತಿಗಳು ಅನ್ನುವ ಭಾಗದಲ್ಲಿ ಇರುತ್ತದೆ. ನನ್ನದರಲ್ಲಿ ನನಗೆ ಮಕ್ಕಳಿದ್ದಾರೆ ಅಂತ ಇತ್ತು. ನನಗೆ ಮಕ್ಕಳಿಲ್ಲ, ಅದಕ್ಕಾಗಿ ತುಂಬಾ ಅತ್ತಿದ್ದೇನೆ. ಆ ಒಂದು ಸಾಲು ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಕಾಂಟ್ಯಾಕ್ಟ್ಸ್ ಫೈಲ್ ಕೂಡ ತೆರೆಯಿರಿ. ಯಾವುದೋ ಆ್ಯಪ್‌ಗೆ ಒಮ್ಮೆ ಅನುಮತಿ ಕೊಟ್ಟದ್ದಕ್ಕೆ ನನ್ನ ಫೋನಿನ ನಂಬರುಗಳೆಲ್ಲ ಅಲ್ಲಿಗೆ ಹೋಗಿದ್ದವು. ತೀರಿಹೋದ ಗೆಳತಿಯ ನಂಬರೂ ಇತ್ತು. ಅವಳನ್ನು ಯಾರೂ ಕೇಳಿರಲಿಲ್ಲ, ಕೊಟ್ಟವಳು ನಾನು. ಭಾರತದ 2023ರ ಡಿಪಿಡಿಪಿ, ಅಂದರೆ ವೈಯಕ್ತಿಕ ಡಿಜಿಟಲ್ ಡೇಟಾ ರಕ್ಷಣಾ ಕಾಯ್ದೆಯಲ್ಲಿ ನಮ್ಮ ನಂತರ ಈ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮಿನಿ ಮಾಡುವ ಅವಕಾಶ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿಯಾಗುತ್ತವೆ. ನನಗೆ ಆ ಕಾಯ್ದೆಯಲ್ಲಿ ತುಂಬಾ ಇಷ್ಟವಾದ ಭಾಗ ಅದು.

ಹೊಳೆದಂಡೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀಲಿಶಾಯಿ ಅವರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಜಿಮ್‌ಗೆ ಬೆಳಗ್ಗೆ ಮೇಲ್ ಹಾಕಿದ್ದೇನೆ, ತಾರೀಖು ಬರೆದಿಟ್ಟುಕೊಂಡಿದ್ದೇನೆ. ಆಮೇಲೆ ನನ್ನ ಖಾತೆಗೆ ಯಾವ ಯಾವ ಆ್ಯಪ್ ಜೋಡಿಸಿಕೊಂಡಿವೆ ಅಂತ ನೋಡಿದೆ. ಹದಿನಾಲ್ಕು ಇದ್ದವು. ಹನ್ನೊಂದರ ಅನುಮತಿ ತೆಗೆದೆ. ಅದರಲ್ಲಿ ಎರಡರ ಹೆಸರು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ, ಅವೆರಡಕ್ಕೂ ಅಳಿಸುವ ಮೊದಲು ಪ್ರತಿ ಕೇಳಿ ಬರೆಯುತ್ತಿದ್ದೇನೆ.