ಚೊಚ್ಚಲ ಬಾಣಂತನ: ಏನು ಬೇರೆ ಥರ ಮಾಡಬೇಕಿತ್ತು? ಸಿಸ್ಟರ್‌ಗೆ ಕೇಳಿ

ಪ್ರಶ್ನೆ (ಸಿಂಧನೂರು): ಸಿಸ್ಟರ್, ನಮಸ್ಕಾರ. ನನಗೀಗ ಎಂಟು ತಿಂಗಳು, ಚೊಚ್ಚಲು. ಏಪ್ರಿಲ್ ಕೊನೆಗೆ ಡೇಟ್ ಕೊಟ್ಟಿದ್ದಾರೆ, ಅಂದರೆ ನಡು ಬೇಸಿಗೆ. ತವರುಮನೆಗೆ ಬಂದಿದ್ದೇನೆ. ಯಾರನ್ನು ಕೇಳಿದರೂ "ನಾನು ಹಂಗ ಮಾಡಬಾರದಿತ್ತು, ಹಿಂಗ ಮಾಡಬೇಕಿತ್ತು" ಅಂತಾರೆ, ಆದರೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉಲ್ಟಾ. ನೀವು ನವಜಾತ ಶಿಶುಗಳ ವಾರ್ಡ್‌ನಲ್ಲಿ ಇರೋರು. ಹೆತ್ತವರು ಯಾವುದಕ್ಕೆ ಜಾಸ್ತಿ ಪೇಚಾಡುತ್ತಾರೆ, ಮೊದಲೇ ಹೇಳಿಬಿಡಿ.

ಸಿಸ್ಟರ್ (ರಾಯಚೂರು): ಹಾಲಿನ ವಿಷಯಕ್ಕೆ. ಉಳಿದದ್ದೆಲ್ಲ ಆಮೇಲೆ. "ಹಾಲು ಸಾಲಲ್ಲ ಅಂತ ಮೂರನೇ ದಿನಕ್ಕೇ ಡಬ್ಬಿ ಹಾಲು ಹಾಕಿಬಿಟ್ವಿ, ಆಮೇಲೆ ಕೂಸು ಎದೆಗೆ ಬರಲೇ ಇಲ್ಲ" ಅನ್ನುವ ಮಾತು ವಾರ್ಡಿನಲ್ಲಿ ಕೇಳಿ ಕೇಳಿ ಸಾಕಾಗಿದೆ.

ಮೊದಲ ಎರಡು ಮೂರು ದಿನ ಬರುವುದು ಹಳದಿ, ಅಂಟಂಟು ಹಾಲು, ಅದೂ ಚಮಚದಷ್ಟು. ನೋಡಲು ಬಂದವರು "ಇಷ್ಟೇನಾ?" ಅಂತಾರೆ. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ 5ರಿಂದ 7 ಎಂಎಲ್ ಸಾಕು, ಅಷ್ಟೇ ಬರುತ್ತದೆ ಕೂಡ. ಅದನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ರೋಗ ತಡೆಯುವ ಶಕ್ತಿ ತುಂಬಿರೋದೇ ಅದರಲ್ಲಿ. ಹುಟ್ಟಿ ಒಂದು ಗಂಟೆಯೊಳಗೆ ಎದೆಗೆ ಹಚ್ಚಿ. ಸಿಸೇರಿಯನ್ ಆದರೂ ಮಲಗಿದಲ್ಲೇ ಹಚ್ಚಬಹುದು, ನೀವೇ ಬಾಯಿ ಬಿಟ್ಟು ಸಿಸ್ಟರ್‌ಗೆ ಕೇಳಿ.

ತುಂಬು ಹಾಲು ಇಳಿಯೋದು ಸಾಮಾನ್ಯವಾಗಿ ಮೂರನೇ ನಾಲ್ಕನೇ ದಿನ, ಸಿಸೇರಿಯನ್ ಆದವರಿಗೆ ಸ್ವಲ್ಪ ತಡ. ಅದಕ್ಕೆ ಮುಂಚಿನ ಒಂದು ರಾತ್ರಿ ಕೂಸು ಸುಮ್ಮನೇ ಇರುವುದಿಲ್ಲ, ಅಳುತ್ತದೆ, ಚೀಪುತ್ತದೆ, ಮತ್ತೆ ಅಳುತ್ತದೆ. ಮನೆಯವರಿಗೆ ಗಾಬರಿ, ಯಾರೋ ಮೆಡಿಕಲ್ ಶಾಪಿಗೆ ಓಡುತ್ತಾರೆ. ಬಾಟಲಿಯಲ್ಲಿ ಹೊಟ್ಟೆ ತುಂಬಿದ ಕೂಸು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಕಮ್ಮಿಯಾಗುತ್ತದೆ. ಆಗ "ನಾ ಹೇಳಿರಲಿಲ್ವಾ, ಇವಳಿಗೆ ಹಾಲೇ ಇಲ್ಲ" ಅನ್ನೋದು ನಿಜವಾಗಿಬಿಡುತ್ತದೆ!

ಅಳು ನೋಡಿ ಲೆಕ್ಕ ಹಾಕಬೇಡಿ, ಉಚ್ಚೆ ನೋಡಿ. ಐದನೇ ದಿನದಿಂದ ದಿನಕ್ಕೆ ಆರು ಸಲ ಅಥವಾ ಜಾಸ್ತಿ, ತಿಳಿ ಬಣ್ಣದಲ್ಲಿ ಹೋಗಬೇಕು. ಮೊದಲ ವಾರ ಡೈಪರ್ ಬೇಡ ಅನ್ನೋದು ಇದಕ್ಕೇ, ಹಳೇ ಕಾಟನ್ ಬಟ್ಟೆಯಾದರೆ ಎಷ್ಟು ಸಲ ಅಂತ ಗೊತ್ತಾಗುತ್ತದೆ. ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುತ್ತದೆ, 3 ಕೆಜಿ ಕೂಸು 300 ಗ್ರಾಂಗಿಂತ ಜಾಸ್ತಿ ಇಳಿಯಬಾರದು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಇದು ಸರಿ ಇದ್ದರೆ ಯಾರು ಏನೇ ಅಂದರೂ ಹಾಲು ಸಾಲುತ್ತಿದೆ. ಸರಿ ಇಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಕೆಲವರಿಗೆ ನಿಜವಾಗಲೂ ಮೇಲಿನ ಹಾಲು ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಆದರೆ ಬಾಟಲಿ ಬೇಡ, ಒಳಲೆ (ಕೂಸಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು) ಸಾಕು.

ಪ್ರಶ್ನೆ (ಗಂಗಾವತಿ): ಹೆರಿಗೆಯಾಗಿ ಎರಡು ವಾರ ಆಗಿಲ್ಲ ಸಿಸ್ಟರ್. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದೆ. ಅತ್ತೆ "ಎಲ್ಲರಿಗೂ ಆಗುತ್ತೆ, ತಡಕೋ" ಅಂತಾರೆ. ತಡಕೊಳ್ಳೋದಾ?

ಸಿಸ್ಟರ್: ತಡಕೋಬೇಡಿ. ಕೂಸು ಬರೀ ತೊಟ್ಟು ಹಿಡಿದಾಗ ಹೀಗಾಗುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾಯಿರಿ, ಆಮೇಲೆ ಕೂಸನ್ನು ಎದೆಗೆ ತನ್ನಿ. ನೀವು ಬಗ್ಗಿ ಎದೆಯನ್ನು ಕೂಸಿನ ಬಾಯಿಗೆ ತುರುಕಬೇಡಿ, ಬೆನ್ನೂ ಹೋಗುತ್ತದೆ. ನೋವಾದರೆ ಕೂಸಿನ ಬಾಯಿಯ ಮೂಲೆಗೆ ನಿಮ್ಮ ಕಿರುಬೆರಳು ಹಾಕಿ ಬಿಡಿಸಿ ಮತ್ತೆ ಹಚ್ಚಿ. ಕುಡಿಸಿದ ಮೇಲೆ ನಿಮ್ಮದೇ ಎರಡು ಹನಿ ಹಾಲು ಸವರಿ ಒಣಗಲು ಬಿಡಿ. ಎದೆ ಕೆಂಪಾಗಿ ಗಟ್ಟಿಯಾಗಿ ಚಳಿಜ್ವರ ಬಂದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಬಳ್ಳಾರಿ): ನಾನು ಅಜ್ಜಿ, ಮಗಳ ಬಾಣಂತನ ಮಾಡ್ತಿದ್ದೇನೆ. ನಮ್ಮೂರ ಬಿಸಿಲಿಗೆ ದೊಡ್ಡವರ ನಾಲಿಗೆಯೇ ಒಣಗುತ್ತದೆ. ಆರು ತಿಂಗಳು ಕೂಸಿಗೆ ಒಂದು ಹನಿ ನೀರೂ ಬೇಡ ಅಂದರೆ ಹೇಗಮ್ಮ? ನಾವು ಮಕ್ಕಳನ್ನು ಸಾಕಿಲ್ವಾ?

ಸಿಸ್ಟರ್: ಸಾಕಿದ್ದೀರಿ ಅಮ್ಮಾ, ನಿಮ್ಮಷ್ಟು ಅನುಭವ ನನಗಿಲ್ಲ. ಆದರೆ ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದೆ. ಬಿಸಿಲು ಜಾಸ್ತಿಯಾದರೆ ಜಾಸ್ತಿ ಸಲ ಹಾಲು ಕುಡಿಸಿ. ಮೇಲಿಂದ ನೀರು ಕೊಟ್ಟರೆ ಆ ಪುಟ್ಟ ಹೊಟ್ಟೆ ನೀರಿಗೇ ತುಂಬಿ ಹಾಲು ಕಮ್ಮಿಯಾಗುತ್ತದೆ, ಭೇದಿ ಬೇರೆ.

ನೀರು ಕೊಡಬೇಕಾದ್ದು ನಿಮ್ಮ ಮಗಳಿಗೆ! "ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ" ಅಂತ ದಿನಕ್ಕೆ ಎರಡು ಲೋಟಕ್ಕೆ ಇಳಿಸುತ್ತಾರೆ, ಹೊರಗೆ 42 ಡಿಗ್ರಿ. ಮಲಬದ್ಧತೆ, ಉರಿಮೂತ್ರ, ತಲೆನೋವು ಅಂತ ವಾರದೊಳಗೆ ನಮ್ಮ ಹತ್ತಿರ ಬರುತ್ತಾರೆ. ದೊಡ್ಡ ಲೋಟದಲ್ಲಿ ನೀರು ಪಕ್ಕದಲ್ಲೇ ಇಡಿ, ಕೂಸು ಕುಡಿಯುವಾಗ ಅವಳೂ ಕುಡಿಯಲಿ. ಅಳವಿ ಪಾಯಸ, ಅಂಟಿನುಂಡೆ ನೀವು ಮಾಡೋದು ಮಾಡಿ, ಚೆನ್ನಾಗೇ ಇರುತ್ತದೆ, ಆದರೆ ಸೊಪ್ಪು, ಬೇಳೆ, ಮೊಟ್ಟೆ ನಿಲ್ಲಿಸಬೇಡಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ಇದೆ, ಬಸುರಿ ಇದ್ದಾಗ ತಿಂದಿದ್ದು ಸಾಕು ಅಂತ ಬಿಡುವಂತಿಲ್ಲ.

ಇನ್ನೊಂದು, ಮೇ ತಿಂಗಳಲ್ಲಿ ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ಹಾಕಿ, ಕೂಸಿಗೆ ಉಲ್ಲನ್ ಟೋಪಿ ಹಾಕಬೇಡಿ. ಫ್ಯಾನ್, ಕೂಲರ್ ಇರಲಿ, ಗಾಳಿ ನೇರ ಮುಖಕ್ಕೆ ಬೀಸದಿದ್ದರೆ ಸಾಕು. ಬಗಲಲ್ಲಿ ಥರ್ಮಾಮೀಟರ್ ಇಟ್ಟರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿ. ಅದಕ್ಕಿಂತ ಮೇಲೆ ಇದ್ದರೆ ಬಟ್ಟೆ ಸಡಿಲಿಸಿ, ಹಾಲು ಕುಡಿಸಿ, ಅರ್ಧ ಗಂಟೆಗೆ ಮತ್ತೆ ನೋಡಿ. ಇಳಿಯದಿದ್ದರೆ, ಅಥವಾ 38 ಮುಟ್ಟಿದರೆ, ಅಥವಾ ಕೂಸು ಹಾಲು ಬಿಟ್ಟರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಬನ್ನಿ. ಜ್ವರದ ಡ್ರಾಪ್ಸ್ ನೀವೇ ಹಾಕಬೇಡಿ.

ಪ್ರಶ್ನೆ (ಕುಷ್ಟಗಿ): ಕಾಮಾಲೆ ಅಂದರೆ ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕಲ್ವಾ? ಜೇನು, ಬಜೆ, ಕಾಡಿಗೆ ಬಗ್ಗೆನೂ ಹೇಳಿ.

ಸಿಸ್ಟರ್: ಸಾಕಾಗಲ್ಲ. ಎರಡನೇ ಮೂರನೇ ದಿನ ಮುಖ ಸ್ವಲ್ಪ ಹಳದಿಯಾಗೋದು ಬಹಳ ಕೂಸುಗಳಲ್ಲಿ ಇದ್ದದ್ದೇ. ಮೊದಲ 24 ಗಂಟೆಯಲ್ಲೇ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಕೂಸು ಮಂಕಾಗಿ ಹಾಲು ಬಿಟ್ಟರೆ ತಡ ಮಾಡಬೇಡಿ. ಅದು ಮಿದುಳಿಗೆ ಏರಬಹುದು. ನೀಲಿ ಲೈಟಿನ ಕೆಳಗೆ ಒಂದೆರಡು ದಿನ ಇಟ್ಟರೆ ಬಹಳಷ್ಟು ಕೂಸುಗಳಿಗೆ ಇಳಿಯುವ ಕಾಮಾಲೆ ಇದು, ಅದಕ್ಕೇ ತಡವಾಗಿ ಬಂದವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗೆ ಕೂಸಿನ ಚಿಕಿತ್ಸೆಗೆ ದುಡ್ಡಿಲ್ಲ, 108 ಕೂಡ ಪುಕ್ಕಟೆ.

ಜೇನು ಒಂದು ವರ್ಷ ಬೇಡ, ಅದರಲ್ಲಿನ ಒಂದು ಬಗೆಯ ರೋಗಾಣುವಿಂದ ಕೂಸಿನ ನರ ಸೋಲಬಹುದು. ಬಜೆ, ಗುಟ್ಟಿ ಬೇಡ. ಕಾಡಿಗೆಯಲ್ಲಿ ಸೀಸ ಇರಬಹುದು. ಹೊಕ್ಕುಳಿಗೆ ಎಣ್ಣೆ ಅರಿಶಿನ ಏನೂ ಹಚ್ಚಬೇಡಿ, ಒಣಗಿ ತಾನೇ ಬೀಳುತ್ತದೆ.

ಪ್ರಶ್ನೆ (ಊರು ಬೇಡ): ಕೂಸು ಚೆನ್ನಾಗಿದೆ. ನನಗೇ ಸರಿ ಇಲ್ಲ. ಎರಡು ತಿಂಗಳಾಯಿತು, ದಿನಾ ಅಳು ಬರುತ್ತದೆ, ಕೂಸನ್ನು ಎತ್ತಿಕೊಳ್ಳೋಕೂ ಮನಸ್ಸಿಲ್ಲ. ಯಾರಿಗೂ ಹೇಳಿಲ್ಲ.

ಸಿಸ್ಟರ್: ಇಲ್ಲಿ ಹೇಳಿದ್ದು ಒಳ್ಳೆಯದಾಯಿತು ತಂಗಿ. ಮೊದಲ ಎರಡು ವಾರದ ಅಳು ತಾನೇ ಹೋಗುತ್ತದೆ, ಎರಡು ತಿಂಗಳು ಅಂದರೆ ಅದು ಕಾಯಿಲೆ, ನಿಮ್ಮ ತಪ್ಪಲ್ಲ, ದೃಷ್ಟಿಯೂ ಅಲ್ಲ. ಔಷಧ ಇದೆ, ಹಾಲು ಕುಡಿಸುವಾಗ ತೆಗೆದುಕೊಳ್ಳುವಂಥದ್ದೂ ಇದೆ. ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಯೋಚನೆ ಅಥವಾ ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಮನೆಯಲ್ಲಿ ಯಾರನ್ನಾದರೂ ಎಬ್ಬಿಸಿ ಆಗಲೇ ಆಸ್ಪತ್ರೆಗೆ ಬನ್ನಿ. ನನಗೂ ಇನ್‌ಬಾಕ್ಸ್ ಮಾಡಿ.

ಪ್ರಶ್ನೆ (ಮಾನ್ವಿ): ಇಲ್ಲಿ ಗಂಡಸರು ಕೇಳಬಹುದಾ ಸಿಸ್ಟರ್? ಹೆಂಡತಿ ತವರಲ್ಲಿ ಇದ್ದಾಳೆ, ನಾನು ವಾರಕ್ಕೊಮ್ಮೆ ಹೋಗಿ ಬರ್ತೇನೆ. ನಾನೇನು ಮಾಡಲಿ?

ಸಿಸ್ಟರ್: ಕೇಳಿದ್ದಕ್ಕೇ ಖುಷಿಯಾಯಿತು ಅಣ್ಣಾ. ಹೋದ ದಿನ ರಾತ್ರಿ ಕೂಸಿನ ಬಟ್ಟೆ ಬದಲಿಸೋದು, ತೇಗು ಬರಿಸೋದು ನಿಮ್ಮ ಪಾಲು, ಅವಳು ನಿದ್ದೆ ಮಾಡಲಿ. ತೊಟ್ಟಿಲಿಗೆ ಹಾಕುವ ದಿನ ಕೂಸನ್ನು ಕೈಯಿಂದ ಕೈಗೆ ದಾಟಿಸದಂತೆ, ಮುತ್ತು ಕೊಡದಂತೆ ಹೇಳೋದೂ ನೀವೇ, ಸೊಸೆ ಹೇಳಿದರೆ ಜಗಳ ಆಗುತ್ತದೆ. ಆರು ವಾರಕ್ಕೆ ಲಸಿಕೆ ಇದೆ, ತಾಯಿ ಕಾರ್ಡ್ ಹಿಡಿದು ಜೊತೆಗೆ ಹೋಗಿ. ಜನನ ನೋಂದಣಿ 21 ದಿನದೊಳಗೆ ಆಗಿದೆಯಾ ಅಂತ ವಿಚಾರಿಸಿ, ಹೆಸರು ಇಟ್ಟಿಲ್ಲ ಅಂತ ಕಾಯಬೇಡಿ, ಆಮೇಲೂ ಸೇರಿಸಬಹುದು.